ಯಾರೂ ಕೇಳದ ಕಾಯಿಲೆ: ಮಂಗಳೂರಿನಿಂದ ಘಾನಾಕ್ಕೆ ಹೋಗಿಬಂದ ಒಂದು ಪ್ರಕರಣ

ಮಂಗಳೂರಿನ ಕಾರ್ಖಾನೆಗಳು ಒಡೆಯುವ ಗೇರುಬೀಜದಲ್ಲಿ ದೊಡ್ಡ ಪಾಲು ನಮ್ಮ ಗುಡ್ಡಗಳಲ್ಲಿ ಬೆಳೆದದ್ದಲ್ಲ; ಅದು ಐವರಿ ಕೋಸ್ಟ್, ಘಾನಾ, ಬೆನಿನ್, ಗಿನಿ-ಬಿಸಾವು ಮೊದಲಾದ ಪಶ್ಚಿಮ ಆಫ್ರಿಕಾದ ದೇಶಗಳಿಂದ ಹಡಗಿನಲ್ಲಿ ಬರುತ್ತದೆ. ಅಲ್ಲಿನ ಸುಗ್ಗಿ ಫೆಬ್ರುವರಿಯಿಂದ ಜೂನ್‌ವರೆಗೆ. ಬೀಜ ಹಡಗು ಹತ್ತುವ ಮೊದಲೇ ಅದರ ತೇವಾಂಶವನ್ನೂ, ಒಡೆದಾಗ ಎಷ್ಟು ಒಳ್ಳೆಯ ತಿರುಳು ದೊರೆಯುತ್ತದೆ ಎಂಬ ಲೆಕ್ಕವನ್ನೂ ಸ್ಥಳದಲ್ಲಿಯೇ ಪರೀಕ್ಷಿಸದಿದ್ದರೆ ಆಮೇಲೆ ಜಗಳಕ್ಕೂ ನಷ್ಟಕ್ಕೂ ಕೊನೆಯಿರುವುದಿಲ್ಲವಾದ್ದರಿಂದ, ಪ್ರತಿ ವರ್ಷ ಈ ಊರಿನಿಂದ ಕೆಲವು ಅನುಭವಿಗಳು ಆ ದೇಶಗಳಿಗೆ ವಾರಗಟ್ಟಲೆ ಹೋಗಿ ಇರುತ್ತಾರೆ. ಅಂಥ ಒಂದು ಕಾರ್ಖಾನೆಯ ಆಡಳಿತ ವಿಭಾಗದಲ್ಲಿದ್ದು ಈ ಪ್ರಯಾಣಗಳ ಕಾಗದಪತ್ರ ನೋಡಿಕೊಳ್ಳುವವನು ನಾನು. 2025ರ ಸುಗ್ಗಿಗೆ ಘಾನಾಕ್ಕೆ ಹೋಗಿಬಂದ ನಮ್ಮ ಒಬ್ಬ ಪರಿವೀಕ್ಷಕರ ಪ್ರಕರಣವನ್ನು ಅವರ ಒಪ್ಪಿಗೆ ಪಡೆದು, ಹೆಸರು ಬಿಟ್ಟು, ಇಲ್ಲಿ ದಾಖಲಿಸುತ್ತಿದ್ದೇನೆ. ಪ್ರವೇಶಕ್ಕೆ ಬೇಕಾದ ಕಾಗದಗಳಲ್ಲಿ ನಾವು ಹೆಚ್ಚುಕಡಿಮೆ ಎಡವಲಿಲ್ಲ. ಎಡವಿದ್ದು ಯಾವ ಅಧಿಕಾರಿಯೂ ಕೇಳದ ಒಂದು ವಿಷಯದಲ್ಲಿ.

ಆಯ್ಕೆಯೇ ಮೊದಲ ತೊಡಕು

ಈ ಕೆಲಸಕ್ಕೆ ಮೊದಲು ಗೊತ್ತುಮಾಡಿದ್ದು 64 ವರ್ಷದ ಒಬ್ಬ ಹಿರಿಯರನ್ನು. ಬೀಜವನ್ನು ಅಂಗೈಯಲ್ಲಿ ಅಲುಗಿಸಿಯೇ ಅದರ ತೇವ ಹೇಳಬಲ್ಲವರು ಅವರು. ಆದರೆ ಘಾನಾಕ್ಕೆ ಕಾಲಿಡುವ ಪ್ರತಿಯೊಬ್ಬರೂ ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡ ಅಂತರರಾಷ್ಟ್ರೀಯ ಪ್ರಮಾಣಪತ್ರವನ್ನು ತೋರಿಸಬೇಕು. ಅದು ಜೀವಂತ, ಆದರೆ ದುರ್ಬಲಗೊಳಿಸಿದ ವೈರಸ್ಸಿನ ಲಸಿಕೆ. ಅರವತ್ತು ದಾಟಿದ ಮೇಲೆ ಇದನ್ನು ಮೊದಲ ಬಾರಿ ಹಾಕಿಸಿಕೊಳ್ಳುವವರಲ್ಲಿ ಮಿದುಳಿಗೋ ಒಳ ಅಂಗಗಳಿಗೋ ತೊಂದರೆ ಆಗುವ ಸಾಧ್ಯತೆ, ಅಪರೂಪವೇ ಆದರೂ, ಕಿರಿಯರಿಗಿಂತ ಹೆಚ್ಚು. ಮೊಟ್ಟೆಯ ತೀವ್ರ ಅಲರ್ಜಿ ಇರುವವರಿಗೆ, ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ, ಥೈಮಸ್ ಗ್ರಂಥಿಯ ಕಾಯಿಲೆ ಇರುವವರಿಗೆ ಇದನ್ನು ಹಾಕುವುದಿಲ್ಲ. ಹಿರಿಯರಿಗೆ ಸಂಧಿವಾತವಿದ್ದು ಅದಕ್ಕಾಗಿ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆ ನಡೆಯುತ್ತಿತ್ತು. ಅವರ ವೈದ್ಯರು ಖಡಾಖಂಡಿತವಾಗಿ ಬೇಡ ಎಂದರು.

ಲಸಿಕೆ ಹಾಕಲಾಗದು ಎಂಬ ವೈದ್ಯರ ಪತ್ರವೊಂದನ್ನು ಹಿಡಿದು ಹೋಗಬಹುದಲ್ಲವೇ ಎಂದು ಕಚೇರಿಯಲ್ಲಿ ಚರ್ಚೆ ನಡೆಯಿತು. ಅಂಥ ವಿನಾಯಿತಿ ಪತ್ರ ಇರುವುದು ನಿಜ. ಆದರೆ ಅದನ್ನು ಮಾನ್ಯ ಮಾಡುವುದು, ಬಿಡುವುದು ಎದುರಿಗಿರುವ ಅಧಿಕಾರಿಯ ಕೈಯಲ್ಲಿದೆ. ಅದಕ್ಕಿಂತ ಮುಖ್ಯವಾಗಿ, ಲಸಿಕೆಯಿಲ್ಲದೆ ಹೋದವರಿಗೆ ನಿಜವಾದ ಕಾಯಿಲೆಯಿಂದಲೂ ರಕ್ಷಣೆ ಇರುವುದಿಲ್ಲ. ಘಾನಾದ ಸವಾನ್ನಾ ಪ್ರದೇಶದಲ್ಲಿ 2021ರ ಕೊನೆಯಲ್ಲಿಯೂ ಹಳದಿ ಜ್ವರ ಕಾಣಿಸಿಕೊಂಡು ಜೀವಗಳು ಹೋಗಿದ್ದವು. ಹೀಗಾಗಿ ಹಿರಿಯರನ್ನು ಕೈಬಿಟ್ಟು, 46 ವರ್ಷದ, ಆರೋಗ್ಯವಂತರಾದ ಇನ್ನೊಬ್ಬರನ್ನು ಆರಿಸಲಾಯಿತು. ಈ ಪ್ರಕರಣ ಅವರದು.

ಹಳದಿ ಪುಸ್ತಕ

ವಿಮಾನದ ಟಿಕೆಟು ಫೆಬ್ರುವರಿ 17ಕ್ಕೆ ಆಗಿತ್ತು. ವ್ಯಕ್ತಿ ಬದಲಾದ ಗಡಿಬಿಡಿಯಲ್ಲಿ ಲಸಿಕೆ ಹಾಕಿಸಿದ್ದು ಫೆಬ್ರುವರಿ 11ರಂದು, ಬೆಂಗಳೂರಿನಲ್ಲಿ. ಈ ಲಸಿಕೆ ಎಲ್ಲ ಆಸ್ಪತ್ರೆಗಳಲ್ಲಿ ಸಿಗುವುದಿಲ್ಲ; ಕೇಂದ್ರ ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ. ಒಂದು ಸೀಸೆಯಲ್ಲಿ ಹಲವರಿಗೆ ಆಗುವಷ್ಟು ಮದ್ದು ಇರುವುದರಿಂದ ಮತ್ತು ಕಲಸಿದ ಮೇಲೆ ಅದು ಹೆಚ್ಚು ಹೊತ್ತು ಉಳಿಯದಿರುವುದರಿಂದ, ಮೊದಲೇ ಹೆಸರು ಬರೆಸಿ ಗೊತ್ತಾದ ದಿನವೇ ಹೋಗಬೇಕಾಗುತ್ತದೆ. ಇಷ್ಟು ತಿಳಿದಿದ್ದ ನನಗೆ ಒಂದು ಲೆಕ್ಕ ತಪ್ಪಿತು. ಪ್ರಮಾಣಪತ್ರ ಊರ್ಜಿತವಾಗುವುದು ಲಸಿಕೆ ಹಾಕಿಸಿಕೊಂಡ ಹತ್ತು ದಿನಗಳ ನಂತರ. ಅಂದರೆ 11ರ ಲಸಿಕೆಗೆ 21ರಿಂದ ಬೆಲೆ. 17ಕ್ಕೆ ಹೊರಟಿದ್ದರೆ ಅವರ ಕೈಯಲ್ಲಿದ್ದದ್ದು ಇನ್ನೂ ಜೀವ ಬಾರದ ಕಾಗದವಾಗಿರುತ್ತಿತ್ತು. ದಂಡ ಕಟ್ಟಿ ಟಿಕೆಟನ್ನು 22ಕ್ಕೆ ಬದಲಾಯಿಸಿದೆವು. ಒಮ್ಮೆ ಊರ್ಜಿತವಾದರೆ ಸಾಕು, 2016ರ ಜುಲೈ 11ರಿಂದ ಈ ಪ್ರಮಾಣಪತ್ರ ಜೀವನಪರ್ಯಂತ ನಡೆಯುತ್ತದೆ. ಹತ್ತು ವರ್ಷಕ್ಕೊಮ್ಮೆ ಮತ್ತೆ ಹಾಕಿಸುವ ಹಳೆಯ ನಿಯಮ ಈಗಿಲ್ಲ.

ಎರಡನೆಯ ಎಡವಟ್ಟು ನಮ್ಮ ಕಡೆಯ ಹೆಸರುಗಳದು. ಪಾಸ್‌ಪೋರ್ಟಿನಲ್ಲಿ ಅವರ ಹೆಸರಿನ ಮುಂದಿನ ಇನಿಷಿಯಲ್ ಬಿಡಿಸಿ, ತಂದೆಯ ಹೆಸರು ಪೂರ್ತಿಯಾಗಿ ಬರೆದಿತ್ತು. ಲಸಿಕೆಗೆ ಹೆಸರು ಬರೆಸುವಾಗ ಅವರು ರೂಢಿಯಂತೆ ಇನಿಷಿಯಲ್ ಹಾಕಿ ಕೊಟ್ಟರು. ಹಳದಿ ಪುಸ್ತಕದಲ್ಲಿ, ಅಂದರೆ ಆ ಪ್ರಮಾಣಪತ್ರದ ಕಿರುಪುಸ್ತಕದಲ್ಲಿ, ಪಾಸ್‌ಪೋರ್ಟ್ ಸಂಖ್ಯೆ, ಲಸಿಕೆಯ ಬ್ಯಾಚ್ ಸಂಖ್ಯೆ, ಸಹಿ, ಮುದ್ರೆ ಎಲ್ಲ ಸರಿಯಿದ್ದೂ ಹೆಸರು ಒಂದೇ ಆಗಿರಲಿಲ್ಲ. ಪುಣ್ಯಕ್ಕೆ ಕೇಂದ್ರದಿಂದ ಹೊರಬೀಳುವ ಮೊದಲು ಅವರಿಗೇ ಅನುಮಾನ ಬಂದು ತಿದ್ದಿಸಿಕೊಂಡರು. ದಕ್ಷಿಣದವರಾದ ನಮಗೆ ಇನಿಷಿಯಲ್ ಎನ್ನುವುದು ಪ್ರಯಾಣದ ಮೊದಲ ಶತ್ರು. ಪಾಸ್‌ಪೋರ್ಟಿನ ಪುಟವನ್ನು ಎದುರಿಗಿಟ್ಟುಕೊಂಡೇ ಪ್ರತಿಯೊಂದು ಅರ್ಜಿಯನ್ನೂ ತುಂಬಬೇಕು.

ವೀಸಾದ ಬಗೆಗೆ ಹೆಚ್ಚು ಹೇಳಬೇಕಾದ್ದಿಲ್ಲ. ಭಾರತೀಯರು ಘಾನಾದ ವೀಸಾವನ್ನು ಹೊರಡುವ ಮೊದಲೇ ಪಡೆಯಬೇಕು. ದೆಹಲಿಯ ಘಾನಾ ಹೈಕಮಿಷನ್ನಿಗೆ ಆಹ್ವಾನ ಪತ್ರ, ಆಹ್ವಾನಿಸಿದವರ ಗುರುತಿನ ದಾಖಲೆ, ಉಳಿಯುವ ಸ್ಥಳದ ವಿವರ, ಹೋಗಿಬರುವ ಟಿಕೆಟ್ ಒದಗಿಸಿದೆವು. ಪಾಸ್‌ಪೋರ್ಟಿನ ಅವಧಿ ಇನ್ನೂ ಮೂರು ವರ್ಷಕ್ಕಿಂತ ಹೆಚ್ಚು ಇತ್ತು. ಅವರು ಹೋಗುತ್ತಿದ್ದದ್ದು ಮಾಲು ನೋಡಲೇ ಹೊರತು ಅಲ್ಲಿ ಸಂಬಳಕ್ಕೆ ದುಡಿಯಲಲ್ಲ ಎಂಬುದನ್ನು ಪತ್ರದಲ್ಲಿ ಬಿಡಿಸಿ ಬರೆದದ್ದು ಉಪಯೋಗಕ್ಕೆ ಬಂತು. ವ್ಯಾಪಾರದ ವೀಸಾದಲ್ಲಿ ಹೋಗಿ ಉಗ್ರಾಣದಲ್ಲಿ ನಿಂತು ಕೂಲಿಯಾಳುಗಳನ್ನು ನಡೆಸತೊಡಗಿದರೆ ಅದು ಕೆಲಸದ ಪರವಾನಗಿಯ ಪ್ರಶ್ನೆಯಾಗುತ್ತದೆ.

ಇನ್ನು, ಮನೆಯವರಿಗೆ ಕಾಡಿದ ಒಂದು ಸಂಶಯ ಹೇಳುವಂಥದ್ದು. ಹಳದಿ ಜ್ವರ ಎಂದಾಗ ಅವರ ತಾಯಿ ಅದನ್ನು ಅರಿಶಿನ ಕಾಮಾಲೆ ಎಂದೇ ತಿಳಿದು, ಅದಕ್ಕೆ ಬೆಂಗಳೂರಿನವರೆಗೆ ಹೋಗಿ ಸೂಜಿ ಹಾಕಿಸಿಕೊಳ್ಳಬೇಕೇ ಎಂದರಂತೆ. ಕಣ್ಣು ಹಳದಿಯಾಗುವುದು ಎರಡರಲ್ಲೂ ಇದೆ, ಆದರೆ ಹಳದಿ ಜ್ವರ ಈಡಿಸ್ ಸೊಳ್ಳೆಯಿಂದ ಹರಡುವ ವೈರಸ್ ರೋಗ. ಡೆಂಗ್ಯೂ ತರುವ ಅದೇ ಸೊಳ್ಳೆ ನಮ್ಮ ಊರಿನ ಪ್ರತಿ ಹೂಕುಂಡದ ತಟ್ಟೆಯಲ್ಲೂ ಇದೆ. ಹಳದಿ ಜ್ವರದ ವೈರಸ್ ಮಾತ್ರ ಭಾರತದಲ್ಲಿ ಇಲ್ಲ. ಸೊಳ್ಳೆಯಿದ್ದು ವೈರಸ್ ಇಲ್ಲದ ದೇಶಕ್ಕೆ ಒಬ್ಬ ರೋಗಿ ಬಂದಿಳಿದರೂ ಅಪಾಯವೆಂದೇ, ಆ ದೇಶಗಳಿಂದ ಪ್ರಮಾಣಪತ್ರವಿಲ್ಲದೆ ಬಂದವರನ್ನು, ಅವರು ನಮ್ಮದೇ ಪ್ರಜೆಗಳಾದರೂ, ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸುವ ನಿಯಮವನ್ನು ಭಾರತ ಪಾಲಿಸುತ್ತದೆ. ಆದ್ದರಿಂದ ಆ ಹಳದಿ ಪುಸ್ತಕ ಘಾನಾದ ಬಾಗಿಲನ್ನು ತೆರೆಯುವುದಕ್ಕೆ ಎಷ್ಟು ಬೇಕೋ ಮುಂಬೈಯ ಬಾಗಿಲನ್ನು ತೆರೆಯುವುದಕ್ಕೂ ಅಷ್ಟೇ ಬೇಕು. ಅದನ್ನು ಅಕ್ರಾದ ಹೋಟೆಲಿನಲ್ಲಿ ಮರೆತು ಬಂದವರ ಪಾಡು ಹೇಳತೀರದು.

ಈ ಲಸಿಕೆಗೂ ಘಾನಾಕ್ಕೂ ಇರುವ ನಂಟು ಹಳೆಯದು. ಅಂದು ಗೋಲ್ಡ್ ಕೋಸ್ಟ್ ಎನಿಸಿಕೊಂಡಿದ್ದ ಆ ನಾಡಿನಲ್ಲಿ 1927ರಲ್ಲಿ ಅಸಿಬಿ ಎಂಬ ರೋಗಿಯ ರಕ್ತದಿಂದ ಪಡೆದ ವೈರಸ್ಸನ್ನೇ ವರ್ಷಗಟ್ಟಲೆ ಪಳಗಿಸಿ, ಮ್ಯಾಕ್ಸ್ ಥೈಲರ್ ಮತ್ತು ಸಂಗಡಿಗರು 17ಡಿ ಎಂಬ ಲಸಿಕೆಯನ್ನು ರೂಪಿಸಿದರು. 1951ರಲ್ಲಿ ಥೈಲರ್‌ಗೆ ನೊಬೆಲ್ ಬಹುಮಾನ ಬಂತು. ಅದೇ ಸಂಶೋಧನೆಯ ದಿನಗಳಲ್ಲಿ ಜಪಾನಿನ ವಿಜ್ಞಾನಿ ಹಿಡೆಯೊ ನೊಗುಚಿ 1928ರ ಮೇ ತಿಂಗಳಲ್ಲಿ ಅಕ್ರಾದಲ್ಲಿ ಹಳದಿ ಜ್ವರದಿಂದಲೇ ತೀರಿಕೊಂಡರು. ಅಸಿಬಿ ಬದುಕಿ ಉಳಿದ. ನಮ್ಮ ಪರಿವೀಕ್ಷಕರ ತೋಳಿಗೆ ಬೆಂಗಳೂರಿನಲ್ಲಿ ಚುಚ್ಚಿದ್ದು ಆ ಮನುಷ್ಯನ ರಕ್ತದಿಂದ ಹೊರಟ ವೈರಸ್ಸಿನ ವಂಶದ್ದೇ.

ಕೇಳದಿದ್ದದ್ದು

ಹಳದಿ ಜ್ವರಕ್ಕೆ ಇಷ್ಟೆಲ್ಲ ಓಡಾಡಿದ ನಾವು ಮಲೇರಿಯಾದ ವಿಷಯಕ್ಕೆ ಕೊಟ್ಟ ಹೊತ್ತು ಹತ್ತು ನಿಮಿಷ. ಹೊರಡುವ ಮೊದಲು ಪ್ರಯಾಣ ಸಂಬಂಧಿ ಆರೋಗ್ಯ ಸಲಹೆ ನೀಡುವ ಒಬ್ಬ ವೈದ್ಯರಲ್ಲಿಗೆ ಅವರನ್ನು ಕಳುಹಿಸಿದ್ದೆವು. ವೈದ್ಯರು ಟೈಫಾಯಿಡ್ ಮತ್ತು ಧನುರ್ವಾಯು ಲಸಿಕೆಗಳನ್ನು ನವೀಕರಿಸಿದರು. ಡಿಸೆಂಬರಿನಿಂದ ಜೂನ್‌ವರೆಗಿನ ಒಣ ಕಾಲದಲ್ಲಿ ಉತ್ತರ ಘಾನಾ ಮೆದುಳು ಪೊರೆಯ ಉರಿಯೂತ (ಮೆನಿಂಜೈಟಿಸ್) ಹಬ್ಬುವ ಭೂಪಟ್ಟಿಯೊಳಗೆ ಬರುತ್ತದೆಂದು ನೆನಪಿಸಿ ಅದರ ಲಸಿಕೆಯನ್ನೂ ಹಾಕಿದರು. ಹೆಪಟೈಟಿಸ್ ಎ ಬಗೆಗೆ, ನಮ್ಮ ನೀರು ಕುಡಿದು ಬೆಳೆದ ನಡುವಯಸ್ಸಿನವರಲ್ಲಿ ಬಹಳ ಮಂದಿಗೆ ಚಿಕ್ಕಂದಿನಲ್ಲಿಯೇ ಅದು ಬಂದುಹೋಗಿರುತ್ತದೆ ಎಂದು ಹೇಳಿ ರಕ್ತಪರೀಕ್ಷೆ ಮಾಡಿಸಿ ಲಸಿಕೆಯನ್ನು ಬಿಟ್ಟರು. ಮಲೇರಿಯಾ ಬರದಂತೆ ತಡೆಯಲು ಡಾಕ್ಸಿಸೈಕ್ಲಿನ್ ಮಾತ್ರೆ ಬರೆದರು: ದಿನಕ್ಕೊಂದು 100 ಮಿಲಿಗ್ರಾಂ, ಹೊರಡುವ ಎರಡು ದಿನ ಮೊದಲಿನಿಂದ ಹಿಡಿದು ಮರಳಿದ ನಂತರ ನಾಲ್ಕು ವಾರಗಳವರೆಗೆ. ಅಂದರೆ ಫೆಬ್ರುವರಿ 20ರಿಂದ ಏಪ್ರಿಲ್ 26ರವರೆಗೆ. ಆ ಕೊನೆಯ ದಿನಾಂಕವನ್ನು ವೈದ್ಯರು ಚೀಟಿಯಲ್ಲಿ ಬರೆದಿದ್ದರು. ನನ್ನ ಕಡತದಲ್ಲಿ ನಾನು ಬರೆದಿರಲಿಲ್ಲ.

ಇದಕ್ಕೆ ಕಾರಣ ಉಡಾಫೆಯಲ್ಲ, ಪರಿಚಯ. ಮಂಗಳೂರಿನವರಿಗೆ ಮಲೇರಿಯಾ ಹೊಸತಲ್ಲ. ಕಟ್ಟಡಗಳು ಏಳತೊಡಗಿದಂದಿನಿಂದ ಸ್ಲ್ಯಾಬಿನ ಮೇಲೆ ನಿಲ್ಲಿಸಿದ ನೀರಿನಲ್ಲಿ, ತಾರಸಿಯ ಟ್ಯಾಂಕಿಯಲ್ಲಿ, ಬಾವಿಯಲ್ಲಿ ಅನಾಫಿಲಿಸ್ ಸ್ಟೆಫೆನ್ಸಿ ಸೊಳ್ಳೆ ಹುಟ್ಟಿ, ರಾಜ್ಯದ ಮಲೇರಿಯಾ ಪ್ರಕರಣಗಳಲ್ಲಿ ದೊಡ್ಡ ಪಾಲು ಹಲವು ವರ್ಷ ಈ ಊರಿನದೇ ಆಗಿತ್ತು. ನಮ್ಮ ಪರಿವೀಕ್ಷಕರಿಗೂ ಎರಡು ಸಲ ಬಂದಿತ್ತು. ಎರಡೂ ಸಲ ವೈವ್ಯಾಕ್ಸ್ ಎಂಬ ಪರೋಪಜೀವಿ ತರುವ ಬಗೆಯದು. ಮೂರು ದಿನ ಚಳಿಜ್ವರ, ಮಾತ್ರೆ, ಒಂದು ವಾರ ನಿಶ್ಶಕ್ತಿ, ಮತ್ತೆ ಕೆಲಸ. 'ಮಲೇರಿಯಾ ಅಲ್ವಾ, ನೋಡಿದ್ದೇವೆ' ಎಂದು ಅವರು ಅಂದದ್ದು ನನಗೆ ಚೆನ್ನಾಗಿ ನೆನಪಿದೆ, ಏಕೆಂದರೆ ನಾನೂ ತಲೆಯಾಡಿಸಿದ್ದೆ.

ಘಾನಾದಲ್ಲಿ ಅದೇ ಹೆಸರಿನ ಕಾಯಿಲೆ ಬೇರೆಯದೇ. ಪಶ್ಚಿಮ ಆಫ್ರಿಕಾದ ಬಹುತೇಕ ಜನರ ಕೆಂಪು ರಕ್ತಕಣಗಳ ಮೇಲೆ ವೈವ್ಯಾಕ್ಸ್ ಪರೋಪಜೀವಿ ಒಳನುಗ್ಗಲು ಬಳಸುವ ಡಫಿ ಎಂಬ ಗುರುತು ಇಲ್ಲವಾದ್ದರಿಂದ ಅಲ್ಲಿ ವೈವ್ಯಾಕ್ಸ್ ಅಪರೂಪ. ಹೆಚ್ಚುಕಡಿಮೆ ಎಲ್ಲವೂ ಫಾಲ್ಸಿಪ್ಯಾರಮ್ ಎಂಬ ಇನ್ನೊಂದು ಪರೋಪಜೀವಿಯದು. ವೈವ್ಯಾಕ್ಸ್ ಎಳೆಯ ರಕ್ತಕಣಗಳನ್ನು ಮಾತ್ರ ಹುಡುಕಿ ಹೋಗುತ್ತದೆ. ಫಾಲ್ಸಿಪ್ಯಾರಮ್ ಎಳೆಯದು ಬೆಳೆದದ್ದು ಎನ್ನದೆ ಎಲ್ಲವನ್ನೂ ಹಿಡಿಯುತ್ತದೆ, ಅದು ಹೊಕ್ಕ ಕಣಗಳು ಸಣ್ಣ ರಕ್ತನಾಳಗಳ ಗೋಡೆಗೆ ಅಂಟಿಕೊಂಡು ಮಿದುಳು, ಮೂತ್ರಪಿಂಡಗಳಿಗೆ ರಕ್ತ ಹೋಗದಂತೆ ತಡೆಯುತ್ತವೆ. ಜ್ವರ ಬಂದ ಎರಡು ಮೂರು ದಿನಗಳಲ್ಲಿ ಮನುಷ್ಯ ಪ್ರಜ್ಞೆ ತಪ್ಪಬಹುದು. ಎರಡು ಸಲ ವೈವ್ಯಾಕ್ಸ್ ಬಂದ ದೇಹ ಫಾಲ್ಸಿಪ್ಯಾರಮ್ಮಿಗೆ ಹೊಸ ದೇಹವೇ.

ಅಲ್ಲಿಗೆ ಹೋದ ಮೇಲೆ ಈ ತಪ್ಪು ತಿಳಿವಳಿಕೆಗೆ ಇನ್ನೊಂದು ಕಡೆಯಿಂದಲೂ ಬಲ ಬಂತು. ಗೇರು ಬೆಳೆಯುವ ವೆಂಚಿ ಎಂಬ ಊರಿನ ಉಗ್ರಾಣದಲ್ಲಿ ಅವರ ಜೊತೆಗಿದ್ದ ಸ್ಥಳೀಯ ಗುಮಾಸ್ತರಿಗೆ ಮಾರ್ಚಿನಲ್ಲಿ ಮಲೇರಿಯಾ ಬಂತು. ಅವರು ಔಷಧಿ ಅಂಗಡಿಯಿಂದ ಮಾತ್ರೆ ತಂದು ನುಂಗಿ ಮೂರನೆಯ ದಿನ ತೂಕದ ಕಾಟದ ಮುಂದೆ ನಿಂತಿದ್ದರು. ಚಿಕ್ಕಂದಿನಿಂದ ಮತ್ತೆ ಮತ್ತೆ ಸೋಂಕು ತಗಲಿ ಅಲ್ಲಿನ ವಯಸ್ಕರಿಗೆ ಒಂದು ಮಟ್ಟದ ಪ್ರತಿರೋಧ ಬೆಳೆದಿರುತ್ತದೆ, ಅದಕ್ಕೆ ಅಲ್ಲಿನ ಎಳೆಯ ಮಕ್ಕಳು ತೆತ್ತ ಬೆಲೆ ದೊಡ್ಡದು. (ಆ ಮಕ್ಕಳಿಗಾಗಿ ತಯಾರಾದ, ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸುವ ಆರ್21 ಮಲೇರಿಯಾ ಲಸಿಕೆಗೆ 2023ರ ಏಪ್ರಿಲಿನಲ್ಲಿ ಜಗತ್ತಿನಲ್ಲಿ ಮೊದಲು ಒಪ್ಪಿಗೆ ಕೊಟ್ಟ ದೇಶ ಘಾನಾವೇ. ಪ್ರವಾಸಿಗಳಿಗೆ ಅದನ್ನು ಹಾಕುವುದಿಲ್ಲ.) ಮಂಗಳೂರಿನ ಸೌಮ್ಯ ಮಲೇರಿಯಾವನ್ನು ಕಂಡಿದ್ದ ಮನುಷ್ಯ, ವೆಂಚಿಯ ಗಟ್ಟಿ ದೇಹದ ಮಲೇರಿಯಾವನ್ನೂ ಕಂಡು, ಎರಡರಿಂದಲೂ ಒಂದೇ ತಪ್ಪು ಪಾಠ ಕಲಿತರು.

ಐದು ವಾರಗಳು

ಮುಂಬೈಯಿಂದ ಅಡಿಸ್ ಅಬಾಬಾ ಮಾರ್ಗವಾಗಿ ಅಕ್ರಾದ ಕೊಟೊಕಾ ವಿಮಾನ ನಿಲ್ದಾಣ ತಲುಪಿದಾಗ ಮೊದಲು ನೋಡಿದ್ದು ಹಳದಿ ಪುಸ್ತಕವನ್ನು, ಆಮೇಲೆ ವೀಸಾವನ್ನು. ಹೊರಡುವ ಮುನ್ನ ಅವರ ಪೆಟ್ಟಿಗೆಯಿಂದ ನಾವು ತೆಗೆಸಿದ ಒಂದು ವಸ್ತುವೆಂದರೆ ಸೈನಿಕರ ಬಟ್ಟೆಯಂಥ ಚಿತ್ತಾರದ ಪ್ಯಾಂಟು. ಘಾನಾದಲ್ಲಿ ನಾಗರಿಕರು ಅದನ್ನು ತೊಡುವಂತಿಲ್ಲ. ಇಲ್ಲಿನ ಬೀದಿ ಬದಿಯಲ್ಲಿ ಮುನ್ನೂರು ರೂಪಾಯಿಗೆ ಸಿಗುವ ಬಟ್ಟೆಯೊಂದು ಅಲ್ಲಿ ಪೊಲೀಸ್ ಠಾಣೆಗೆ ದಾರಿಯಾಗಬಹುದು ಎಂಬುದನ್ನು ನಂಬಿಸಲು ಸ್ವಲ್ಪ ಹೊತ್ತು ಹಿಡಿಯಿತು. ವಿಮಾನ ನಿಲ್ದಾಣ, ಸೇನಾ ನೆಲೆ, ಅಧ್ಯಕ್ಷರ ಭವನ ಇವುಗಳ ಚಿತ್ರ ತೆಗೆಯಬಾರದೆಂಬುದನ್ನೂ ಹೇಳಿ ಕಳುಹಿಸಿದ್ದೆವು. ಎಡಗೈಯಿಂದ ಕೊಡುವುದು ಕೊಳ್ಳುವುದು ಅವಮಾನವೆಂಬುದನ್ನು ಮಾತ್ರ ಹೇಳಿಕೊಡಬೇಕಾಗಲಿಲ್ಲ, ಆ ವಿಷಯದಲ್ಲಿ ಘಾನಾದವರ ಅಜ್ಜಿಯೂ ನಮ್ಮ ಅಜ್ಜಿಯೂ ಒಂದೇ ಶಾಲೆಯವರು.

ಸುರಕ್ಷತೆಯ ಮಟ್ಟಿಗೆ ಘಾನಾ ಆ ಭಾಗದ ಸಮಾಧಾನದ ದೇಶಗಳಲ್ಲೊಂದು. 2024ರ ಡಿಸೆಂಬರಿನಲ್ಲಿ ಚುನಾವಣೆ ನಡೆದು ಜನವರಿಯಲ್ಲಿ ಅಧಿಕಾರ ಶಾಂತವಾಗಿ ಕೈಬದಲಾಯಿಸಿತ್ತು. ಆದರೆ ದೇಶವೆಲ್ಲ ಒಂದೇ ಅಲ್ಲ. ಈಶಾನ್ಯದ ಬಾಕು ಪಟ್ಟಣದಲ್ಲಿ ಕುಸಾಸಿ ಮತ್ತು ಮಾಂಪ್ರುಸಿ ಸಮುದಾಯಗಳ ನಡುವೆ ನಾಯಕಪಟ್ಟದ ವ್ಯಾಜ್ಯ 2024ರ ಕೊನೆಯಲ್ಲಿ ಮತ್ತೆ ಹೊತ್ತಿ, ಗುಂಡಿನ ಚಕಮಕಿ, ಕರ್ಫ್ಯೂ ನಡೆದಿದ್ದವು. ಉತ್ತರದ ಗಡಿಯಾಚೆಗೆ ಬುರ್ಕಿನಾ ಫಾಸೊದಲ್ಲಿ ಸಶಸ್ತ್ರ ಗುಂಪುಗಳ ಹಾವಳಿ. ಗೇರು ಬೆಳೆಯುವ ಬೊನೊ ಪ್ರದೇಶ, ಅಂದರೆ ವೆಂಚಿ, ಸಾಂಪಾ ಮತ್ತು ನೆರೆಯ ಟೆಚಿಮಾನ್, ಇವುಗಳಿಂದ ಬಹಳ ದೂರ, ಪಶ್ಚಿಮಕ್ಕಿದೆ. ಹೀಗಾಗಿ ನಕ್ಷೆಯ ಮೇಲೆ ಗೆರೆ ಎಳೆದು, ಅದರ ಉತ್ತರಕ್ಕೆ ಹೋಗಬಾರದೆಂದು ಗೊತ್ತುಮಾಡಿದ್ದೆವು. ಉಳಿಯುವ ಊರುಗಳ ಪಟ್ಟಿಯನ್ನು ಅಕ್ರಾದ ಭಾರತೀಯ ಹೈಕಮಿಷನ್ನಿಗೆ ಮಿಂಚಂಚೆಯಲ್ಲಿ ತಿಳಿಸಿದೆವು. ಅಲ್ಲಿನ ತುರ್ತು ಸಂಖ್ಯೆ 112, ಪೊಲೀಸರಿಗೆ 191, ಆಂಬುಲೆನ್ಸಿಗೆ 193. ಇವನ್ನು ಮೊಬೈಲಿನಲ್ಲಷ್ಟೇ ಅಲ್ಲದೆ ಒಂದು ಚೀಟಿಯಲ್ಲೂ ಬರೆದುಕೊಟ್ಟಿದ್ದೆವು.

ನಿಜವಾದ ಭಯ ರಸ್ತೆಯದು. ಅಕ್ರಾದಿಂದ ಕುಮಾಸಿಗೆ ಸುಮಾರು 250 ಕಿಲೋಮೀಟರು, ಅಲ್ಲಿಂದ ಮುಂದೆ ಟೆಚಿಮಾನ್. ಲಾರಿಗಳು, ಟ್ರೋಟ್ರೋ ಎಂಬ ಬಾಡಿಗೆ ವ್ಯಾನುಗಳು, ಕೆಟ್ಟು ದೀಪವಿಲ್ಲದೆ ನಡುರಸ್ತೆಯಲ್ಲಿ ನಿಂತ ವಾಹನಗಳು. ಸುಗ್ಗಿಯ ತಿಂಗಳುಗಳಲ್ಲಿ ಬೀಜ ಕೊಳ್ಳುವವರ ಬಳಿ ನಗದು ಇರುತ್ತದೆ ಎಂಬುದು ದರೋಡೆಕೋರರಿಗೂ ಗೊತ್ತು. ಕತ್ತಲಾದ ಮೇಲೆ ಪ್ರಯಾಣವಿಲ್ಲ, ಪರಿವೀಕ್ಷಕರ ಕೈಯಲ್ಲಿ ಬೀಜದ ಹಣವಿಲ್ಲ ಎಂಬ ಎರಡು ನಿಯಮಗಳನ್ನು ಅವರು ಒಮ್ಮೆಯೂ ಮೀರಲಿಲ್ಲ. ರೈತರಿಗೆ ಪಾವತಿ ಸ್ಥಳೀಯ ಪಾಲುದಾರರದು, ಅದರಲ್ಲಿ ಬಹಳಷ್ಟು ಮೊಬೈಲ್ ಹಣವಾಗಿ ಹೋಗುತ್ತಿತ್ತು. ಟೆಚಿಮಾನಿನ ವಸತಿಗೃಹದಲ್ಲಿ ಒಬ್ಬ ಸಭ್ಯ ಮನುಷ್ಯ ಚಿನ್ನದ ಪುಡಿ ಅಗ್ಗಕ್ಕೆ ಕೊಡಿಸುವುದಾಗಿ ಎರಡು ಸಂಜೆ ಮಾತನಾಡಿಸಿದನಂತೆ. ಘಾನಾದ ಚಿನ್ನದ ಹೆಸರಿನಲ್ಲಿ ಹಣ ಕಳೆದುಕೊಂಡ ವಿದೇಶೀಯರ ಕಥೆಗಳು ಅಲ್ಲಿ ಸಾಕಷ್ಟಿವೆ. ಕಾನೂನುಬಾಹಿರ ಗಣಿಗಾರಿಕೆಯ, ಅಂದರೆ ಅಲ್ಲಿನವರ ಮಾತಿನಲ್ಲಿ ಗಲಾಮ್ಸೆಯ, ಜಾಲವೂ ಅದರ ಹಿಂದಿರುತ್ತದೆ. ನಮ್ಮವರು ನಕ್ಕು ಕೋಣೆಗೆ ಹೋದರು.

ಊಟ ನೀರಿನಲ್ಲೂ ಅವರು ಶಿಸ್ತಿನ ಮನುಷ್ಯ. ಆ ವರ್ಷ ಘಾನಾದ ಕರಾವಳಿಯ ಕಡೆ ಕಾಲರಾ ಇತ್ತು. ಬಾಟಲಿ ನೀರು, ಅದಿಲ್ಲದಿದ್ದರೆ 'ಪ್ಯೂರ್ ವಾಟರ್' ಎಂದು ಎಲ್ಲೆಲ್ಲೂ ಮಾರುವ ಅರ್ಧ ಲೀಟರಿನ ಪೊಟ್ಟಣದಲ್ಲಿ ಪರವಾನಗಿಯ ಗುರುತಿದ್ದದ್ದು, ಬಿಸಿ ಅನ್ನ, ಬೆಂದ ಸಾರು. ಒಂದು ಭಾನುವಾರ ವೋಲ್ಟಾ ಸರೋವರಕ್ಕೆ ಹೋದಾಗ ಜೊತೆಯವರು ಈಜಿದರೂ ಇವರು ದಡದಲ್ಲೇ ಕುಳಿತರು. ಆ ನೀರಿನ ಬಸವನಹುಳುಗಳಿಂದ ಹೊರಟ ಹುಳಗಳು ಚರ್ಮದ ಮೂಲಕವೇ ಮೈಯೊಳಗೆ ಹೋಗಿ ಬಿಲ್ಹಾರ್ಜಿಯಾ ಎಂಬ ಕಾಯಿಲೆ ತರುತ್ತವೆ ಎಂಬುದನ್ನು ವೈದ್ಯರು ಹೇಳಿದ್ದರು. ಹೇಳಿದ್ದನ್ನೆಲ್ಲ ಪಾಲಿಸುವ ಸ್ವಭಾವದವರು ಅವರು ಎಂಬುದಕ್ಕೆ ಇದನ್ನು ಬರೆಯುತ್ತಿದ್ದೇನೆ. ಮುಂದೆ ಆದದ್ದನ್ನು ಅಶಿಸ್ತು ಎಂದು ತಳ್ಳಿಹಾಕುವಂತಿಲ್ಲ.

ಸೊಳ್ಳೆಪರದೆಯನ್ನೂ ಅವರು ನಾಲ್ಕು ವಾರ ತಪ್ಪದೆ ಕಟ್ಟಿದರು. ಕೊನೆಯ ವಾರ ಸಾಂಪಾದಲ್ಲಿ, ಐವರಿ ಕೋಸ್ಟಿನ ಗಡಿಗೆ ಅಂಟಿಕೊಂಡ ಆ ಪಟ್ಟಣದಲ್ಲಿ, ವಿದ್ಯುತ್ತು ಹೋಯಿತು. ಬಂದು ಹೋಗುವ ವಿದ್ಯುತ್ತಿಗೆ ಘಾನಾದವರು 'ದುಮ್ಸೊರ್' ಎನ್ನುತ್ತಾರೆ. ಆರಿಸು, ಹಚ್ಚು ಎಂಬ ಎರಡು ಪದಗಳನ್ನು ಜೋಡಿಸಿದ ಮಾತು. ಫ್ಯಾನಿಲ್ಲದ ಸೆಕೆಯಲ್ಲಿ ಪರದೆಯೊಳಗೆ ಮಲಗಲಾರದೆ ಅವರು ಎರಡು ರಾತ್ರಿ ಜಗಲಿಯ ಮೇಲೆ ಚಾಪೆ ಹಾಕಿ ಮಲಗಿದರು. ಅಲ್ಲಿನ ಅನಾಫಿಲಿಸ್ ಸೊಳ್ಳೆ ಕಚ್ಚುವುದು ಹೆಚ್ಚಾಗಿ ನಡುರಾತ್ರಿಯ ನಂತರ. ಡಾಕ್ಸಿಸೈಕ್ಲಿನ್ ಮಾತ್ರ ಆಗಲೂ ನಡೆಯುತ್ತಿತ್ತು.

ಮರಳಿದ ಮೇಲೆ

ಮಾರ್ಚ್ 29ರಂದು ಹೊರಟು ಮರುದಿನ ಮುಂಬೈಯಲ್ಲಿ ಇಳಿದರು. ವಿಮಾನ ನಿಲ್ದಾಣದ ಆರೋಗ್ಯ ಅಧಿಕಾರಿಯ ಕಿಂಡಿಯಲ್ಲಿ ಹಳದಿ ಪುಸ್ತಕ ನೋಡಿ, ಸಂಖ್ಯೆ ಬರೆದುಕೊಂಡು ಬಿಟ್ಟರು. ಆ ಗಳಿಗೆಯಲ್ಲಿ ಪ್ರಯಾಣ ಮುಗಿಯಿತೆಂದು ನಾವೆಲ್ಲರೂ ಭಾವಿಸಿದೆವು. ನಾನು ಕಡತ ಮುಚ್ಚಿದೆ. ಅವರು ಏಪ್ರಿಲ್ 4ರಂದು ಮಾತ್ರೆ ನಿಲ್ಲಿಸಿದರು. ಡಾಕ್ಸಿಸೈಕ್ಲಿನ್ನಿನಿಂದ ಎದೆಯುರಿ ಇತ್ತು, ಬಿಸಿಲಿಗೆ ಮೈ ಕೆಂಪಾಗುತ್ತಿತ್ತು, ಮನೆಗೆ ಬಂದಾಗಿತ್ತು, ಸಾಕಲ್ಲ ಎನಿಸಿತು.

ಮನೆಗೆ ಬಂದ ಮೇಲೂ ನಾಲ್ಕು ವಾರ ಮಾತ್ರೆ ಏಕೆ ಎಂಬುದನ್ನು ಯಾರೂ ಅವರಿಗೆ ಬಿಡಿಸಿ ಹೇಳಿರಲಿಲ್ಲ. ನನಗೂ ಆಗ ತಿಳಿದಿರಲಿಲ್ಲ. ಸೊಳ್ಳೆ ಕಚ್ಚಿದೊಡನೆ ಪರೋಪಜೀವಿಗಳು ಯಕೃತ್ತಿಗೆ ಹೋಗಿ ಸುಮಾರು ಒಂದು ವಾರ ಕಾಲ ಅಡಗಿ ಬೆಳೆಯುತ್ತವೆ, ಆಮೇಲೆ ರಕ್ತಕ್ಕೆ ಇಳಿಯುತ್ತವೆ. ಡಾಕ್ಸಿಸೈಕ್ಲಿನ್ ಯಕೃತ್ತಿನಲ್ಲಿರುವುದನ್ನು ನೆಚ್ಚಬಹುದಾದಷ್ಟು ಕೊಲ್ಲುವುದಿಲ್ಲ. ರಕ್ತಕ್ಕೆ ಇಳಿದ ಮೇಲೆ, ಅದೂ ನಿಧಾನವಾಗಿ, ಕೊಲ್ಲುತ್ತದೆ. ಕೊನೆಯ ದಿನ ಕಚ್ಚಿದ ಸೊಳ್ಳೆಯ ಲೆಕ್ಕವನ್ನು ಚುಕ್ತಾ ಮಾಡಲು ಆ ನಾಲ್ಕು ವಾರ. ಸಾಂಪಾದ ಜಗಲಿಯಲ್ಲಿ ಒಳಹೊಕ್ಕದ್ದು ಏಪ್ರಿಲ್ ಮೊದಲ ವಾರದಲ್ಲಿ ರಕ್ತಕ್ಕೆ ಇಳಿಯುವ ಹೊತ್ತಿಗೆ ಸರಿಯಾಗಿ ಕಾವಲು ತೆಗೆದಂತಾಯಿತು.

ಏಪ್ರಿಲ್ 13ರ ಸಂಜೆ ಜ್ವರ ಬಂತು. ಮರುದಿನ ಮನೆಯ ಹತ್ತಿರದ ಚಿಕಿತ್ಸಾಲಯವೊಂದಕ್ಕೆ ಹೋದರು. ಮೈಕೈ ನೋವು, ತಲೆನೋವು ಕೇಳಿ ವೈರಲ್ ಇರಬೇಕೆಂದು ಪ್ಯಾರಾಸಿಟಮಾಲ್ ಕೊಟ್ಟು, ಕಡಿಮೆಯಾಗದಿದ್ದರೆ ಡೆಂಗ್ಯೂ ಪರೀಕ್ಷೆ ಮಾಡಿಸೋಣ ಎಂದರಂತೆ. ಇತ್ತೀಚೆಗೆ ಎಲ್ಲಿಗಾದರೂ ಹೋಗಿದ್ದಿರಾ ಎಂದು ಅವರು ಕೇಳಲಿಲ್ಲ, ಇವರು ಹೇಳಲಿಲ್ಲ. 16ರ ಬೆಳಿಗ್ಗೆ ಪ್ರಯಾಣದ ಖರ್ಚಿನ ರಸೀತಿಗಳಿಗಾಗಿ ನಾನು ದೂರವಾಣಿ ಮಾಡಿದಾಗ ಅವರ ಹೆಂಡತಿ ಎತ್ತಿದರು. ವಾಂತಿ ನಿಂತಿಲ್ಲ, ರಾತ್ರಿ ಸಂಬಂಧವಿಲ್ಲದ ಮಾತು ಆಡಿದರು ಎಂದರು.

'ಅಕ್ಕಾ, ಆಫ್ರಿಕಾಕ್ಕೆ ಹೋಗಿ ಬಂದದ್ದು ಡಾಕ್ಟರಿಗೆ ಗೊತ್ತುಂಟಾ?'

'ಅದನ್ನು ಹೇಳಬೇಕಿತ್ತಾ?'

ಒಂದು ಗಂಟೆಯೊಳಗೆ ಆಸ್ಪತ್ರೆಗೆ ಸೇರಿಸಿದೆವು. ಕಿಟ್ಟಿನ ಪರೀಕ್ಷೆ ಹದಿನೈದು ನಿಮಿಷದಲ್ಲಿ ಫಾಲ್ಸಿಪ್ಯಾರಮ್ ಎಂದಿತು, ರಕ್ತಲೇಪನವೂ ಅದನ್ನೇ ದೃಢಪಡಿಸಿತು. ಪ್ಲೇಟ್‌ಲೆಟ್ 48,000ಕ್ಕೆ ಇಳಿದಿತ್ತು, ಕಾಮಾಲೆಯ ಗುರುತಾದ ಬಿಲಿರುಬಿನ್ ಏರಿತ್ತು. ಪ್ರಜ್ಞೆಯಲ್ಲಿ ಏರುಪೇರು ಇದ್ದದ್ದರಿಂದ ತೀವ್ರ ಮಲೇರಿಯಾ ಎಂದೇ ಪರಿಗಣಿಸಿ ಆರ್ಟಿಸುನೇಟ್ ಚುಚ್ಚುಮದ್ದನ್ನು ದಾಖಲಾದ ಕೂಡಲೇ, 12 ಗಂಟೆಗೆ, 24 ಗಂಟೆಗೆ ಕೊಟ್ಟು ದಿನಕ್ಕೊಂದರಂತೆ ಮುಂದುವರಿಸಿದರು. ಬಾಯಿಂದ ನುಂಗುವಂತಾದ ಮೇಲೆ ಆರ್ಟಿಮೆಥರ್-ಲ್ಯೂಮೆಫ್ಯಾಂಟ್ರಿನ್ ಮಾತ್ರೆಗಳ ಮೂರು ದಿನದ ಪೂರ್ಣ ಕ್ರಮ. ಸೋಂಕು ಆಫ್ರಿಕಾದ್ದು ಎಂದು ತಿಳಿದದ್ದು ಈ ಆಯ್ಕೆಗೂ ಬೇಕಾಯಿತು. ನಮ್ಮ ರಾಜ್ಯದಲ್ಲಿ ಫಾಲ್ಸಿಪ್ಯಾರಮ್ಮಿಗೆ ರೂಢಿಯಲ್ಲಿ ಕೊಡುವ ಜೋಡಿ ಔಷಧಿಯ ಒಂದು ಭಾಗಕ್ಕೆ ಆಫ್ರಿಕಾದ ಪರೋಪಜೀವಿಗಳಲ್ಲಿ ಪ್ರತಿರೋಧ ವ್ಯಾಪಕವಾಗಿದೆ. ಆರನೆಯ ದಿನ ಮನೆಗೆ ಬಂದರು. ಆರ್ಟಿಸುನೇಟ್ ಚುಚ್ಚುಮದ್ದು ಪಡೆದ ಪ್ರವಾಸಿಗಳಲ್ಲಿ ಕೆಲವರಿಗೆ ವಾರಗಳ ನಂತರ ರಕ್ತಕಣಗಳು ಒಡೆದು ರಕ್ತಹೀನತೆ ಬರುವುದುಂಟಾದ್ದರಿಂದ ನಾಲ್ಕು ವಾರ, ವಾರಕ್ಕೊಮ್ಮೆ ಹಿಮೋಗ್ಲೋಬಿನ್ ನೋಡಿದರು. ಅದು ಸ್ವಲ್ಪ ಇಳಿದು ತಾನಾಗಿ ಏರಿತು.

ಖರ್ಚಿನ ವಿಷಯದಲ್ಲಿ ಇನ್ನೊಂದು ಅರಿವಾಯಿತು. ಕುಮಾಸಿಯ ಕೊಂಫೊ ಅನೊಕ್ಯೆ ಆಸ್ಪತ್ರೆಯಿಂದ ಹಿಡಿದು ವಿಮಾನದಲ್ಲಿ ಸಾಗಿಸುವವರೆಗೆ ಎಲ್ಲಕ್ಕೂ ನಾವು ಮಾಡಿಸಿದ್ದ ಪ್ರವಾಸ ವಿಮೆ ಮಾರ್ಚ್ 31ಕ್ಕೆ ಮುಗಿದಿತ್ತು. ಕಾಯಿಲೆ ಅಲ್ಲಿಯದೇ ಆದರೂ ಮಲಗಿದ್ದು ಇಲ್ಲಿ. ಕಾರ್ಖಾನೆಯ ಸಾಮೂಹಿಕ ಆರೋಗ್ಯ ವಿಮೆ ಇಲ್ಲದಿದ್ದರೆ ಆ ಹೊರೆ ಅವರ ಮೇಲೆಯೇ ಬೀಳುತ್ತಿತ್ತು.

ಹಳದಿ ಜ್ವರಕ್ಕೆ ಎರಡು ದೇಶಗಳ ಅಧಿಕಾರಿಗಳು ಕಾವಲು ನಿಂತಿದ್ದರು. ಮಲೇರಿಯಾಕ್ಕೆ ಯಾವ ಕಿಂಡಿಯೂ ಇಲ್ಲ, ಏಕೆಂದರೆ ಅದು ಇಲ್ಲಿಯೂ ಇದೆ, ಅಲ್ಲಿಯೂ ಇದೆ. ಅದರಿಂದ ಕೆಡುವುದು ಹೋದವನೊಬ್ಬನ ದೇಹ ಎಂಬ ಎಣಿಕೆ. ಕಾಗದದ ಬಿಗಿಯನ್ನು ನೋಡಿ ನಾವು ಅಪಾಯದ ತೂಕ ಕಟ್ಟಿದೆವು. ಐದು ವಾರದಲ್ಲಿ ಹಳದಿ ಜ್ವರ ತಗಲುವ ಸಾಧ್ಯತೆಗಿಂತ ಮಲೇರಿಯಾ ತಗಲುವ ಸಾಧ್ಯತೆ ಎಷ್ಟೋ ಪಾಲು ಹೆಚ್ಚೆಂಬುದು ವೈದ್ಯರ ಹತ್ತು ನಿಮಿಷದ ಮಾತಿನಲ್ಲಿಯೇ ಇತ್ತು. ಈಗ ನಮ್ಮ ಕಡತದಲ್ಲಿ ಮರಳುವ ದಿನ ಕೊನೆಯ ದಿನವಲ್ಲ. ಮಾತ್ರೆ ಮುಗಿಯುವ ದಿನಾಂಕಕ್ಕೆ ಒಂದು ದೂರವಾಣಿ ಕರೆ ಇದೆ. ಮೂರು ತಿಂಗಳೊಳಗೆ ಯಾವ ಜ್ವರ ಬಂದರೂ ಅದೇ ದಿನ ಮಲೇರಿಯಾ ಪರೀಕ್ಷೆ ಮಾಡಿಸುವಂತೆ, ಹೋಗಿಬಂದ ದೇಶದ ಹೆಸರನ್ನು ಮೊದಲ ವಾಕ್ಯದಲ್ಲಿಯೇ ಹೇಳುವಂತೆ ಬರೆದ ಚೀಟಿಯೊಂದು ಪರಿವೀಕ್ಷಕರ ಹೆಂಡತಿಯ ಕೈಗೆ ಹೋಗುತ್ತದೆ. ಅವರ ಕೈಗೇ ಏಕೆಂದರೆ, ಜ್ವರದಲ್ಲಿ ಮಾತು ತಪ್ಪಿದವರು ತಾವಾಗಿ ಹೇಳಲಾರರು.

ಅವರು ಮನೆಗೆ ಬಂದ ಎರಡನೆಯ ದಿನ, ಆಸ್ಪತ್ರೆಯ ವರದಿ ಹಿಡಿದುಕೊಂಡು ಮಲೇರಿಯಾ ವಿಭಾಗದ ಇಬ್ಬರು ಕಾರ್ಯಕರ್ತರು ಆ ಬೀದಿಗೆ ಬಂದರು. ಫಾಲ್ಸಿಪ್ಯಾರಮ್ ರೋಗಿಯನ್ನು ಕಚ್ಚಿದ ಇಲ್ಲಿನ ಸೊಳ್ಳೆ ಅದನ್ನು ಮುಂದಿನ ಮನೆಗೆ ಒಯ್ಯಬಲ್ಲದಾದ್ದರಿಂದ, ಅವರಿಗೆ ಆಸ್ಪತ್ರೆಯಲ್ಲಿ, ಸೋಂಕು ಸೊಳ್ಳೆಗೆ ದಾಟದಂತೆ ತಡೆಯುವ ಪ್ರೈಮಾಕ್ವಿನ್ ಮಾತ್ರೆ ಕೊಟ್ಟಿದ್ದಾರೆಯೇ ಎಂದು ಮೊದಲು ವಿಚಾರಿಸಿದರು. ಆಮೇಲೆ ಮನೆಯವರೆಲ್ಲರ, ಎರಡೂ ಬದಿಯ ನೆರೆಯವರ ಬೆರಳು ಚುಚ್ಚಿ ರಕ್ತ ತೆಗೆದುಕೊಂಡರು. ಯಾರಲ್ಲೂ ಇರಲಿಲ್ಲ. ಎದುರಿಗೆ ಏಳುತ್ತಿದ್ದ ಕಟ್ಟಡದ ಎರಡನೆಯ ಮಹಡಿಯ ಸ್ಲ್ಯಾಬಿನ ಮೇಲೆ ನಿಲ್ಲಿಸಿದ್ದ ನೀರಿನಲ್ಲಿ ಸೊಳ್ಳೆಮರಿಗಳು ತೇಲುತ್ತಿದ್ದವು. ಅದಕ್ಕೆ ಮದ್ದು ಸುರಿದು, ಮೇಸ್ತ್ರಿಯ ಹೆಸರು ಬರೆದುಕೊಂಡು ಹೋದರು.